ಶಾಫ್ಟಿಗೆ ಗೊತ್ತಾಗದ ಹಾಗೆ

ಟ್ರೇಲರು ಬಲಕ್ಕೆ ವಾಲಿದಾಗ ದುರುಗಕ್ಕ ಮೊದಲು ಹಿಡಿದದ್ದು ಗಂಡನ ಕಾಲನ್ನು. ಚಟ್ಟಕ್ಕೆ ಬಿಗಿದು ಕಟ್ಟಿದ್ದ ಹೆಣ ಜಾರುವಂತಿರಲಿಲ್ಲ, ಆದರೂ ಹಿಡಿದಳು. ಕೆಳಗೆ ಕಬ್ಬಿಣ ಅರಚಿತು. ಟ್ರ್ಯಾಕ್ಟರು ಎರಡು ಮಾರು ಎಳೆದುಕೊಂಡು ಹೋಗಿ ನಿಂತಿತು. ಸುಟ್ಟ ಗ್ರೀಸಿನ ವಾಸನೆ ಮೂಗಿಗೆ ಬಡಿದದ್ದೇ, ಇಳಿದು ನೋಡದೆಯೇ ಅವಳಿಗೆ ತಿಳಿಯಿತು. ಚಕ್ರದ ಬೇರಿಂಗ್ ಹೋಗಿದೆ.

ಬೆಳಿಗ್ಗೆ ಚಳ್ಳಕೆರೆಯ ಮನೆಯ ಮುಂದೆ ಹಲ್ಲುಜ್ಜುತ್ತಾ ಕೂತಿದ್ದ ಪಾಲಣ್ಣ ಹಾಗೆಯೇ ಗೋಡೆಗೆ ಒರಗಿದ್ದ. ಈಗ ಅವನನ್ನು ರಾಂಪುರದ ಆಚೆಯ ಹುಟ್ಟೂರಿಗೆ ಒಯ್ಯುತ್ತಿದ್ದರು. ಅಲ್ಲಿ ಹೊಲದ ಬದುವಿನಲ್ಲಿ, ನಾಲ್ಕು ವರ್ಷಕ್ಕೇ ಹೋದ ಅವರ ಒಬ್ಬಳೇ ಮಗಳ ಸಮಾಧಿಯ ಗುಡ್ಡೆ ಇತ್ತು. ಅದರ ಪಕ್ಕ ಒಬ್ಬ ಮನುಷ್ಯ ಮಲಗುವಷ್ಟು ಜಾಗಕ್ಕೆ ಪಾಲಣ್ಣ ಯಾವತ್ತೂ ನೇಗಿಲು ಹಾಕಲು ಬಿಟ್ಟಿರಲಿಲ್ಲ.

"ಇನ್ನೊಂದು ಗಾಡಿ ತರಿಸಾನ," ಎಂದ ಬೈಕಿನಲ್ಲಿ ಹಿಂದೆ ಬರುತ್ತಿದ್ದ ನೆರೆಮನೆಯ ಹುಡುಗ ಮುತ್ತುರಾಜ್.

ಪಾಲಣ್ಣನ ಅಣ್ಣ ದೊಡ್ಡಪಾಲಯ್ಯ ಆಗದೆಂದು ತಲೆಯಾಡಿಸಿದ. "ಎತ್ತಿದ ಹೆಣ ದಾರ್‍ಯಾಗೆ ಇಳಿಸಂಗಿಲ್ಲ ಕಣಲೇ. ನಮ್ಮ ಕುಲದಾಗೆ ಇಳಿಸಿದ ಕಡೇನೇ ಮಣ್ಣು. ಹೊತ್ತು ಮುಳುಗಿದ ಮ್ಯಾಲೆ ಮಣ್ಣು ಮಾಡಂಗೂ ಇಲ್ಲ."

"ಅಷ್ಟ್ರಾಗೆ ಗಾಡಿ ಆಗ್ಲಿಲ್ಲ ಅಂದ್ರೆ?"

"ಇಲ್ಲೇ. ಆ ಜಾಲಿ ಬುಡದಾಗೆ."

ಕಲ್ಲು ಮನಸ್ಸಿನಿಂದ ಆಡಿದ ಮಾತಲ್ಲ ಅದು. ಆದರೆ ದುರುಗಕ್ಕ ಆ ಜಾಲಿಯ ಕಡೆ ನೋಡಿದಳು. ಅದರ ಮುಳ್ಳಿಗೆ ಯಾರದೋ ಪ್ಲಾಸ್ಟಿಕ್ ಚೀಲ ಸಿಕ್ಕಿ ಪಟಪಟ ಅನ್ನುತ್ತಿತ್ತು.

ಮುತ್ತುರಾಜ್ ರಾಂಪುರಕ್ಕೆ ಬೈಕು ಓಡಿಸಿ, ಹೊಸ ಬೇರಿಂಗನ್ನೂ ವೆಲ್ಡಿಂಗ್ ಅಂಗಡಿಯಿಂದ ಗ್ಯಾಸಿನ ಸಾಮಾನನ್ನೂ ತರುವ ಹೊತ್ತಿಗೆ ನಾಲ್ಕು ದಾಟಿತ್ತು. ಡ್ರೈವರ್ ಮಾರುತೇಶ ಜಾಕು ಕೊಟ್ಟು ಚಕ್ರ ಬಿಚ್ಚಿದ್ದ. ಬೇರಿಂಗಿನ ಒಳಗಿನ ಉಂಗುರ ಮಾತ್ರ ಚಕ್ರ ಸಿಕ್ಕಿಸುವ ಆಕ್ಸಲ್ಲಿಗೆ ಕಚ್ಚಿಕೊಂಡು ಕೂತಿತ್ತು. ಅದು ಬರದೆ ಹೊಸದು ಕೂರುವಂತಿಲ್ಲ.

"ಪಾಲಣ್ಣ ಎದ್ದು ಬಂದಿದ್ರೆ ಐದು ನಿಮಿಷದ ಕೆಲ್ಸ," ಎಂದ ಯಾರೋ.

"ಎಬ್ಬಿಸು ಮತ್ತೆ. ನಿನ್ನ ಮಾತಾದ್ರೂ ಕೇಳ್ತಾನೇನೋ."

ಒಂದಿಬ್ಬರು ನಕ್ಕು, ದುರುಗಕ್ಕನನ್ನು ಕಂಡು ಮುಖ ತಿರುಗಿಸಿದರು.

ಮಾರುತೇಶ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದ. ಏಟಿಗೆ ಟ್ರೇಲರೇ ನಡುಗಿತು. ಪಾಲಣ್ಣನ ತಲೆ ಆ ಕಡೆ ಈ ಕಡೆ ಆಡಿತು, ಬೇಡ ಬೇಡ ಅಂದ ಹಾಗೆ. ಆಮೇಲೆ ಮಾರುತೇಶ ಗ್ಯಾಸು ಹಚ್ಚಿ, ಉರಿಯನ್ನು ಒಂದೇ ಕಡೆ ಹಿಡಿದು ಉಂಗುರವನ್ನು ಕೆಂಡ ಮಾಡಿದ. ಸಲಾಕೆ ಹಾಕಿ ಮೀಟಿದ. ಸಲಾಕೆ ಬಗ್ಗಿತು, ಉಂಗುರ ಅಲುಗಲಿಲ್ಲ.

ದೂರದ ಗುಡ್ಡದ ಸಾಲಿನ ಮೇಲೆ ಗಾಳಿ ಫ್ಯಾನುಗಳು ನಿದ್ದೆಯಲ್ಲಿ ಕೈ ಬೀಸುವವರ ಹಾಗೆ ತಿರುಗುತ್ತಿದ್ದವು. ಕಾದ ರಸ್ತೆಯ ಮೇಲೆ ಬಿಸಿಲು ನೀರಿನಂತೆ ಹರಿಯುತ್ತಿತ್ತು. ದುರುಗಕ್ಕನ ಕಣ್ಣು ಮಂಜಾದವು.

*

ಚಿಕ್ಕಬಸಪ್ಪನವರ ಎಣ್ಣೆ ಮಿಲ್ಲಿನಲ್ಲಿ ಅವಳು ಶೇಂಗಾ ಹಸನು ಮಾಡುತ್ತಿದ್ದ ಕಾಲ. ಎಣ್ಣೆ ಹಿಂಡುವ ಮಷೀನಿನ ನಡುದಂಡವಾದ ಶಾಫ್ಟಿಗೆ ಉಂಗುರ ಕಚ್ಚಿಕೊಂಡು ಎರಡು ದಿನ ಮಿಲ್ಲು ನಿಂತಿತ್ತು. ತೆಳ್ಳಗಿನ ಒಬ್ಬ ಮನುಷ್ಯ ಬಂದ. ಜೊತೆಗೆ ಯಾರೂ ಇರಲಿಲ್ಲ. ಸುತ್ತ ನೋಡಿ ಇವಳನ್ನು ಕರೆದ.

"ಒದ್ದೆ ಗೋಣಿ ಹಿಡ್ಕೊಂತೀಯಾ? ಶಾಫ್ಟ್ ತಣ್ಣಗಿರ್ಬೇಕು, ಅಷ್ಟೇ ನಿನ್ನ ಕೆಲ್ಸ."

"ಯಾಕೆ?"

"ಉಂಗುರ ಹಿಗ್ಬೇಕು. ಶಾಫ್ಟಿಗೆ ಗೊತ್ತಾಗ್ಬಾರ್ದು. ಅದಕ್ಕೂ ಗೊತ್ತಾಯ್ತೋ, ಅದೂ ಹಿಗ್ತೈತೆ. ಆಮೇಲೆ ಇಬ್ರೂ ಬಿಡಲ್ಲ."

ಅವನು ಉರಿಯನ್ನು ಎಲ್ಲೂ ನಿಲ್ಲಿಸದೆ ಉಂಗುರದ ಸುತ್ತ ಆಡಿಸಿದ. ಹಸಿ ಎಣ್ಣೆಯಲ್ಲಿ ಬೆರಳದ್ದಿ ಉಂಗುರದ ಮೇಲೆ ಒಂದು ಗೆರೆ ಎಳೆದ. ಗೆರೆ ಹೊಗೆಯಾಡಿದ ಕ್ಷಣ ಗ್ಯಾಸು ಆರಿಸಿ, ಗೋಣಿ ಸುತ್ತಿದ ಎರಡು ಕೈಯಿಂದ ಉಂಗುರವನ್ನು ಎಳೆದುಕೊಂಡ, ಮಗುವಿನ ಕೈಯಿಂದ ಬಳೆ ತೆಗೆದಷ್ಟು ಹಗುರಾಗಿ.

ಆ ವರ್ಷವೇ ಮದುವೆಯಾಯಿತು. ಚಳ್ಳಕೆರೆಯ ಮಿಲ್ಲುಗಳಿಂದ ಕರೆ ಬಂದಾಗಲೆಲ್ಲ ಇಬ್ಬರೂ ಹೋದರು. ಹೆಸರು ಪಾಲಣ್ಣನದಾಯಿತು, ಒದ್ದೆ ಗೋಣಿ ಅವಳದು. "ನೀನೂ ಒಂದ್ಸಲ ಉರಿ ಹಿಡಿಯೇ" ಎಂದು ಅವನು ಎಷ್ಟೋ ಸಲ ಕರೆದಿದ್ದ. ಅವಳು ಹಿಡಿದಿರಲಿಲ್ಲ.

*

"ಇನ್ನೊಂದು ಸ್ವಲ್ಪ ಕಾಯಿಸ್ತೀನಿ," ಎಂದು ಮಾರುತೇಶ ಮತ್ತೆ ಗ್ಯಾಸು ತಿರುಗಿಸಿದ.

"ಬ್ಯಾಡ ಕಣಪ್ಪ." ದುರುಗಕ್ಕ ಟ್ರೇಲರಿನಿಂದ ಇಳಿದಳು. "ಆಕ್ಸಲ್ಲಿಗೂ ಕಾವು ಹೋಗೈತೆ. ಆರ್ಲಿ."

"ಎಷ್ಟೊತ್ತು?" ದೊಡ್ಡಪಾಲಯ್ಯ ಸೂರ್ಯನನ್ನು ನೋಡಿದ.

"ನಾನು ಕೈ ಇಡೋ ಹಂಗಾಗೋವರ್ಗೂ."

ಹೊತ್ತು ಇಳಿಯುತ್ತಿರುವಾಗ ಸುಮ್ಮನೆ ಕೂರುವುದು ಯಾರಿಗೂ ಆಗಲಿಲ್ಲ. ಒಬ್ಬ ಬೀಡಿ ಹಚ್ಚಿದ, ಒಬ್ಬ ಆರಿಸಿದ. ಮುತ್ತುರಾಜ್ ಯಾರೂ ಹೇಳದೆಯೇ ಜಾಲಿಯ ಬುಡಕ್ಕೆ ಹೋಗಿ ನೆಲ ಎಷ್ಟು ಗಟ್ಟಿಯಿದೆ ಎಂದು ಕಾಲಿನಿಂದ ಕೆದಕಿ ನೋಡಿದ. ದುರುಗಕ್ಕ ನೋಡಿಯೂ ನೋಡದ ಹಾಗೆ ಆಕ್ಸಲ್ಲಿನ ಪಕ್ಕ ಕೂತಿದ್ದಳು. ಆಗಾಗ ಅಂಗೈ ಹತ್ತಿರ ಒಯ್ಯುವಳು, ಹಿಂದಕ್ಕೆ ತೆಗೆದುಕೊಳ್ಳುವಳು. ಜಾಲಿಯ ನೆರಳು ರಸ್ತೆ ದಾಟಿ ಬಂದು ಅವಳ ಕಾಲು ಮುಟ್ಟಿದಾಗ ಎದ್ದಳು.

"ಕೊಡು ಇಲ್ಲಿ."

"ಗಂಡ ಸತ್ತ ದಿನ ಬೆಂಕಿ ಮುಟ್ತೀಯೇನೇ ದುರುಗಿ?" ಎಂದ ದೊಡ್ಡಪಾಲಯ್ಯ.

"ನಾಳೆ ಮುಟ್ಟಿದ್ರೆ ನಿಮ್ಮ ತಮ್ಮ ಎಲ್ಲಿರ್ತಾನೆ ಭಾವ?"

ಅವನು ಹೆಗಲ ಮೇಲಿನ ಟವೆಲ್ಲನ್ನು ಟ್ರೇಲರಿನಲ್ಲಿದ್ದ ನೀರಿನ ಕೊಡದಲ್ಲಿ ಅದ್ದಿ, ಹಿಂಡದೆಯೇ ತಂದ. "ಎಲ್ಲಿ ಹಿಡೀಬೇಕು ಹೇಳು."

"ಉಂಗುರದ ಮುಂದೆ, ತುದಿಗೆ ಸುತ್ರಿ. ಕಾವು ಹತ್ತಿದ್ರೂ ಬಿಡಬ್ಯಾಡ್ರಿ."

ಉರಿ ಅವಳ ಕೈಯಲ್ಲಿ ಸುತ್ತತೊಡಗಿತು, ಎಲ್ಲೂ ನಿಲ್ಲದೆ, ದೇವರಿಗೆ ಆರತಿ ಎತ್ತಿದ ಹಾಗೆ. ಹೆಣದ ತಲೆಯ ಬಳಿ ಇಟ್ಟಿದ್ದ ದೀಪದ ಎಣ್ಣೆಯಲ್ಲಿ ಬೆರಳದ್ದಿ ಉಂಗುರದ ಮೇಲೆ ಗೆರೆ ಎಳೆದಳು. ಗೆರೆ ಮಿನುಗಿತು. ಅಷ್ಟೇ. ಮತ್ತೆ ಸುತ್ತಿಸಿದಳು. ಟವೆಲ್ಲಿನಿಂದ ಹಬೆ ಎದ್ದಿತು. ದೊಡ್ಡಪಾಲಯ್ಯ ಹಲ್ಲು ಕಚ್ಚಿ ಹಿಡಿದೇ ಇದ್ದ. ಎಣ್ಣೆಯ ಗೆರೆಯಿಂದ ಎಳೆಯಷ್ಟು ತೆಳ್ಳಗಿನ ಹೊಗೆ ಮೇಲೆ ಬಂದು ಗಾಳಿಯಲ್ಲಿ ಬಾಗಿತು.

"ಬಿಡ್ರಿ ಭಾವ."

ಗೋಣಿಚೀಲದಲ್ಲಿ ಎರಡೂ ಕೈ ಸುತ್ತಿ ಉಂಗುರ ಹಿಡಿದು ಎಳೆದಳು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಅದು ತಾನಾಗಿಯೇ ಹೊರಟ ಹಾಗೆ ಜಾರಿ ಬಂತು. ಅವಳು ಬರಿಗೈಯಿಂದ ಆಕ್ಸಲ್ ಮುಟ್ಟಿದಳು. ಬೆಚ್ಚಗಿತ್ತು, ಮಲಗಿದವನ ಅಂಗೈಯ ಹಾಗೆ. ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ. ಹೊಸ ಬೇರಿಂಗ್ ಹಿಡಿದು ನಿಂತಿದ್ದ ಮಾರುತೇಶನೂ ಅವಸರ ಮಾಡಲಿಲ್ಲ.

*

ಹೊಲ ಮುಟ್ಟಿದಾಗ ಗುಡ್ಡದ ಮೇಲೆ ಇನ್ನೂ ಒಂದು ಗೇಣು ಹೊತ್ತು ಇತ್ತು. ಊರವರು ಮಧ್ಯಾಹ್ನವೇ ಗುಂಡಿ ತೋಡಿದ್ದರು. ಪಕ್ಕದ ಸಣ್ಣ ಗುಡ್ಡೆಯ ಮೇಲೆ ಮಣ್ಣು ಬೀಳದ ಹಾಗೆ ಆಚೆಗೆ ಎಳೆದು ಹಾಕಿದ್ದರು. ಮಾರುತೇಶ ಟ್ರೇಲರಿನ ಹಿಂಬಾಗಿಲು ಬಿಚ್ಚಿದ. ನಾಲ್ವರು ಪಾಲಣ್ಣನನ್ನು ಇಳಿಸಿದರು.

"ಮುಟ್ಟೋರು ಮುಟ್ಟಿಬಿಡ್ರಿ," ಎಂದ ದೊಡ್ಡಪಾಲಯ್ಯ. ಅವನ ಬೆರಳುಗಳು ಬೊಬ್ಬೆ ಎದ್ದಿದ್ದವು.

ದುರುಗಕ್ಕ ಬಗ್ಗಿ ಗಂಡನ ಎದೆಯ ಮೇಲೆ ಕೈಯಿಟ್ಟಳು. ಎತ್ತಿದಾಗ ಹೊಸ ಬಿಳಿ ಬಟ್ಟೆಯ ಮೇಲೆ ಐದು ಬೆರಳಿನ ಗ್ರೀಸು ಕಪ್ಪಗೆ ಮೂಡಿತ್ತು. ನಾದಿನಿ ಗೀತಮ್ಮ ಅಯ್ಯೋ ಎಂದು ಸೆರಗು ಒದ್ದೆ ಮಾಡಿಕೊಂಡು ಒರೆಸಲು ಬಂದಳು.

"ಇರ್ಲಿ ಬಿಡೇ," ಎಂದಳು ದುರುಗಕ್ಕ.

ಅವನ ಅಂಗಿಯಿಂದ, ಬಾಗಿಲಿನಿಂದ, ಸ್ವಿಚ್ಚಿನ ಪಕ್ಕದ ಗೋಡೆಯಿಂದ ಇಂಥ ಗುರುತುಗಳನ್ನು ಅವಳು ಮೂವತ್ತು ವರ್ಷ ಸೋಡಾ ಹಾಕಿ ತಿಕ್ಕಿದ್ದಳು.

ಗುಂಡಿಯಲ್ಲಿ ಮಲಗಿಸಿ ಕಾಲಿನ ಕಡೆಯಿಂದ ಮಣ್ಣು ಎಳೆಯುತ್ತಾ ಬಂದರು. ಕೆಂಪು ಬಿಸಿಲು ಒಳಗೆ ಓರೆಯಾಗಿ ಬಿದ್ದಿತ್ತು. ಮಂಡಿ ಮುಚ್ಚಿತು, ಸೊಂಟ ಮುಚ್ಚಿತು. ಆ ಐದು ಬೆರಳು ಇನ್ನೂ ಕಾಣುತ್ತಿದ್ದವು.