ತಡೆಗೋಡೆಯ ಮೇಲಿನ ಗೆರೆ

ಮಹೇಶ್ವರಿ ಬಾಗಲಕೋಟೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಗಂಡ ಅಮರೇಶನ ಊರು ಕುಳಗೇರಿ ಕ್ರಾಸ್‌ನಿಂದ ಒಳಗೆ, ಹೊಳೆಯ ದಂಡೆಯ ಮೇಲೆ. ಹಿಂದಿನ ಮಹಾಪೂರದಲ್ಲಿ ಅಲ್ಲಿಯ ಕೆಳಗಿನ ಓಣಿ ಪೂರ್ತಿ ಮುಳುಗಿ ಮಣ್ಣಿನ ಮನೆಗಳೆಲ್ಲ ಕುಸಿದಿದ್ದವು. ಆಮೇಲೆ ಆಳೆತ್ತರದ ತಡೆಗೋಡೆ ಎದ್ದಿತು. ಈ ಗೋಡೆ ಸಾಕೋ, ಓಣಿಯನ್ನೇ ಎತ್ತಿ ಬೇರೆಡೆ ಇಡಬೇಕೋ ಎಂಬ ಪ್ರಶ್ನೆ ಸರ್ಕಾರದಿಂದ ಕಾಲೇಜಿಗೆ ಬಂದು, ಸುತ್ತಿ ಸುತ್ತಿ ಮಹೇಶ್ವರಿಯ ಕಂಪ್ಯೂಟರಿಗೇ ಬಂತು.

ಸೊಸೆಯ ಕೈಗೇ ಊರಿನ ಲೆಕ್ಕ ಸಿಕ್ಕಿತೆಂದು ಊರಿಗೆಲ್ಲ ಹಿಗ್ಗು. ಹೊಳೆಯ ಅಗಲ, ಆಳ, ಇಳಿಜಾರು, ಅಣೆಕಟ್ಟಿನಿಂದ ಬಿಡುವ ನೀರು, ಎಲ್ಲವನ್ನೂ ಸಮೀಕರಣಗಳಲ್ಲಿ ಹಿಡಿದು ಅವಳು ಹೊಳೆಯದೊಂದು ಗಣಿತದ ಮಾದರಿ ಕಟ್ಟಿದಳು. ಮಾದರಿ ನಿಜ ಹೇಳುತ್ತದೆಯೇ ಎಂದು ತಾಳೆ ನೋಡಲು ಹಿಂದಿನ ಪೂರ ಎಲ್ಲಿಯವರೆಗೆ ಏರಿತ್ತೆಂಬುದು ಗೊತ್ತಾಗಬೇಕು. ಬಿದ್ದುಹೋದ ಮನೆಗಳಲ್ಲಿ ಗುರುತು ಎಲ್ಲಿಂದ ಬರಬೇಕು? ಉಳಿದಿದ್ದು ಬೀರಪ್ಪನ ಗುಡಿಯ ಗೋಡೆಯೊಂದೇ. ಹೊಳೆ ಬಂದು ನಿಂತ ಮಟ್ಟಕ್ಕೆ ಓಣಿಯ ಹೆಣ್ಣುಮಕ್ಕಳು ಅರಿಷಿಣ ಕುಂಕುಮ ಹಚ್ಚಿ ಕೈಮುಗಿಯುತ್ತಾರೆ. ಅಷ್ಟು ಮರ್ಯಾದೆ ಮಾಡಿದ ಮೇಲೆ ಗಂಗವ್ವ ಅದನ್ನು ದಾಟುವುದಿಲ್ಲವೆಂಬ ನಂಬಿಕೆ. ಮಹೇಶ್ವರಿ ಗುಡಿಯ ನೆಲದಿಂದ ಆ ಗುರುತಿನ ಎತ್ತರ ಅಳೆದಳು. ನೆಲದ ಮಟ್ಟ ಹಳೆಯ ಸರ್ವೆ ನಕ್ಷೆಯಲ್ಲಿತ್ತು. ಎರಡನ್ನೂ ಕೂಡಿಸಿ ಕೊಟ್ಟಾಗ ಗೋಡೆ ಸಾಕು ಎಂದಿತು ಮಾದರಿ.

ಪಂಚಾಯ್ತಿಯವರು ಗೋಡೆಯ ನೆತ್ತಿಗಿಂತ ಗೇಣು ಕೆಳಗೆ, ಅವಳು ಹೇಳಿದ ಮಟ್ಟಕ್ಕೆ, ಓಣಿಗೆಲ್ಲ ಕಾಣುವಂತೆ ಬಿಳಿ ಗೆರೆ ಎಳೆಸಿದರು. ಅಮರೇಶ ಪೇಢೆ ಹಂಚಿದ. ಹಂಚದೆ ಏನು ಮಾಡಿಯಾನು? ಓಣಿ ಎದ್ದಿದ್ದರೆ ಹೋಗಿ ಕೂರುತ್ತಿದ್ದುದು ಅವನಪ್ಪನ ರಸ್ತೆ ಬದಿಯ ಹೊಲದಲ್ಲಿ.

ಕಾರಹುಣ್ಣಿಮೆಗೆ ಊರಿಗೆ ಹೋದಾಗ ಗಂಡ ಹೆಂಡತಿ ಬೀರಪ್ಪನಿಗೆ ಕಾಯಿ ಒಡೆಸಲು ಹೋದರು. ಒಳಗೆ ಕಾಲಿಡುತ್ತಲೇ ಅಮರೇಶನ ಹಣೆ ಬಾಗಿಲಿನ ಮೇಲ್ಪಟ್ಟಿಗೆ ಫಟ್ಟೆಂದು ಬಡಿಯಿತು.

"ಸಣ್ಣಾಂವ ಇದ್ದಾಗಿಂದ ಬರ್ತೇನಿ, ಎಂದೂ ಬಡದಿದ್ದಿಲ್ಲಲ್ಲೋ!" ಎಂದು ಹಣೆ ಉಜ್ಜಿಕೊಂಡ.

ಪೂಜಾರಿ ಕನಕಪ್ಪ ನಕ್ಕ. "ನೀವೇನೂ ಬೆಳದಿಲ್ಲ ಬಿಡ್ರಿ. ದೇವರಿಗೆ ಮತ್ತ ನೀರು ತಾಗಬಾರ್ದಂತ ಪೂರ ಇಳದ ಮ್ಯಾಲ ನೆಲಾನ ಎತ್ತರ ಮಾಡೇವಿ. ಮಣ್ಣು ತುಂಬಿ, ಇಳಕಲ್ಲಿನ ಕೆಂಪು ಕಲ್ಲು ಹಾಸೇವಿ. ಬಾಗಿಲಾ ಇದ್ದಲ್ಲೇ ಐತಿ."

ಮಹೇಶ್ವರಿ ಬಗ್ಗಿ ಕೆಂಪು ಕಲ್ಲನ್ನು ಮುಟ್ಟಿ ನೋಡಿದಳು. ಮೊಳಕಾಲೆತ್ತರ ಮೇಲೆದ್ದ ನೆಲದಿಂದ ಗುರುತನ್ನು ಅಳೆದು, ಅದನ್ನು ಹಳೆಯ ನೆಲಕ್ಕೆ ಕೂಡಿಸಿದ್ದಳು. ಹೊಳಪಿನ ಹೊಸ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತೇ ಅಳೆದಿದ್ದಳು, ಮಹಾ ಲೆಕ್ಕಗಾತಿ! ಅಂದರೆ ಹೊಳೆ ಅವಳು ಹೇಳಿದ್ದಕ್ಕಿಂತ ಮೊಳಕಾಲೆತ್ತರ ಮೇಲೆ ಬರುತ್ತದೆ, ಗೋಡೆಯನ್ನು ದಾಟುತ್ತದೆ.

ಲೆಕ್ಕವನ್ನು ಮತ್ತೆ ಮತ್ತೆ ಮಾಡಿದಳು. ಪ್ರತಿ ಸಲವೂ ಹೊಳೆ ಗೋಡೆ ದಾಟಿತು.

"ವರದಿ ಕೊಟ್ಟಾಗೇದ. ಕಾಲೇಜಿನ ಮರ್ಯಾದಿ ಪ್ರಶ್ನೆ ಇದು. ಮುಂದಿನ ವರ್ಷ ಸುಧಾರಿಸಿದ ಮಾದರಿ ಅಂತ ಕಳಸೋಣ್ರಿ," ಎಂದರು ವಿಭಾಗದ ಮುಖ್ಯಸ್ಥರು.

ಅಮರೇಶ ಅಷ್ಟು ನಯವಾಗಿ ಹೇಳಲಿಲ್ಲ. "ಬಾಯಿ ಬಿಟ್ರ ಹೊಲ ಹೋಗ್ತೈತಿ. ಮನಿ ಮಂದಿ ಹೊಟ್ಟಿ ಮ್ಯಾಲ ಹೊಡಿತೀಯೇನು?"

ಮಹೇಶ್ವರಿ ಬಾಯಿ ಮುಚ್ಚಿಕೊಂಡಳು. ಮಾವ ಪ್ರೀತಿಯಿಂದ ಕಳಿಸಿದ ಜೋಳದ ರೊಟ್ಟಿಯನ್ನು ಕಟ್ಟಿದ ಗಂಟಿನಲ್ಲೇ ಬಿಟ್ಟಳು. ತರಗತಿಯಲ್ಲಿ ಸಮೀಕರಣ ಬರೆಯುತ್ತ ಬರೆಯುತ್ತ ಕೈ ನಿಂತುಬಿಡುತ್ತಿತ್ತು. ಮನೆ, ಕಾಲೇಜು, ಊರು, ಯಾವ ಕಡೆ ತಿರುಗಿದರೂ ಅದೇ ಗೋಡೆ ಅಡ್ಡ ನಿಂತಂತಾಗುತ್ತಿತ್ತು. ತನ್ನ ಮೇಲೆಯೇ ಅವಳಿಗೆ ಹೇಸಿಗೆ ಬಂದಿತ್ತು.

ಶ್ರಾವಣದಲ್ಲಿ ಮೇಲಿನ ಕಡೆ ಮಳೆ ಹಿಡಿಯಿತು. ಅಣೆಕಟ್ಟಿನಿಂದ ನೀರು ಬಿಡುತ್ತಾರೆಂಬ ಸುದ್ದಿ ಬೆಳಿಗ್ಗೆ ಮೊಬೈಲಿಗೆ ಬಂತು. ಮಹೇಶ್ವರಿ ಚಪ್ಪಲಿ ಮೆಟ್ಟಿದಳು.

"ಅಲ್ಲಿಗೆ ಹೋದ್ರ ತಿರುಗಿ ಈ ಮನಿಗೆ ಬರಬ್ಯಾಡ," ಎಂದ ಅಮರೇಶ.

ಅವಳು ಬಸ್ ಹತ್ತಿದಳು.

ಕೆಳಗಿನ ಓಣಿಯಲ್ಲಿ ಯಾರೂ ಗಂಟುಮೂಟೆ ಕಟ್ಟಿರಲಿಲ್ಲ. ಗೋಡೆಯ ಆಚೆ ಹೊಳೆ ಗುಡುಗುಡು ಅನ್ನುತ್ತಿತ್ತು. ಈಚೆ ಬಿಳಿ ಗೆರೆ ಕಾಣದಂತೆ ಉದ್ದಕ್ಕೂ ಅರಿಷಿಣ ಕುಂಕುಮ ಮೆತ್ತಿದ್ದರು. ಬಗಲಲ್ಲಿ ಮೊಮ್ಮಗಳನ್ನು ಎತ್ತಿಕೊಂಡ ಹುಚ್ಚವ್ವ ಎದುರು ಬಂದಳು. ಕುರಿ ಕಾಯುವ ಮನೆತನದ ಮುದುಕಿ, ಓಣಿಗೇ ಹಿರಿಯಳು.

"ಬಾರವ್ವಾ, ನೀ ಹೇಳಿದ ಗೆರಿಗೆ ಈಗಷ್ಟ ಪೂಜಿ ಮಾಡೇವಿ."

"ಆಯಿ, ಎಲ್ಲಾರನ್ನೂ ಕರಕೊಂಡು ಮ್ಯಾಲಿನ ಕನ್ನಡ ಸಾಲಿಗೆ ನಡೀರಿ. ಈಗಿಂದೀಗ ನಡೀರಿ."

"ಯಾಕ? ನೀರು ಈ ಗೆರಿ ದಾಟೂದಿಲ್ಲಂತ ನೀನ ಹೇಳೀಯಲ್ಲ?"

ಹೇಗೆ ತಿಳಿಸಿ ಹೇಳುವುದು? ಮಹೇಶ್ವರಿ ಎರಡೂ ಅಂಗೈಗಳಿಂದ ಗೋಡೆಯ ಕುಂಕುಮವನ್ನು ಒರೆಸತೊಡಗಿದಳು. ಹುಚ್ಚವ್ವ ಹೌಹಾರಿ ಅವಳ ರಟ್ಟೆ ಹಿಡಿದಳು.

"ಮುತ್ತೈದಿ ಆಗಿ ಕುಂಕುಮ ಅಳಸ್ತೀಯೇನ!"

"ಗೆರಿ ಸುಳ್ಳೈತಿ ಆಯಿ. ನಾ ಲೆಕ್ಕ ತಪ್ಪೇನಿ. ಗೊತ್ತಿದ್ದೂ ಸುಮ್ಮನ ಕುಂತಿದ್ದೆ," ಎಂದು ಮಹೇಶ್ವರಿ ಅತ್ತುಬಿಟ್ಟಳು.

ಮುದುಕಿಯ ಹಿಡಿತ ಸಡಿಲವಾಯಿತು. "ಹಂಗಾದ್ರ ನೀರು ಎಲ್ಲೀತನಕ ಬರ್ತೈತಿ?"

ಮಹೇಶ್ವರಿ ತುದಿಗಾಲ ಮೇಲೆ ನಿಂತು ಕೈ ಎತ್ತಿದಳು. ಕುಂಕುಮ ಮೆತ್ತಿದ ಆ ಅಂಗೈ ಗೋಡೆಯ ನೆತ್ತಿಯನ್ನೂ ದಾಟಿ ಬರೀ ಗಾಳಿಯಲ್ಲಿ ನಿಂತಿತು. ಹುಚ್ಚವ್ವ ಅದನ್ನು ನೋಡಿದಳು. ಮೊಮ್ಮಗಳನ್ನು ಎದೆಗೊತ್ತಿಕೊಂಡು, "ಏಳ್ರಿ, ಏಳ್ರೇ ಯವ್ವಾ!" ಎಂದು ಕೂಗುತ್ತ ಓಣಿಯ ತುಂಬ ಓಡಿದಳು. ಕೊನೆಯ ಮನೆಯ ಬಾಗಿಲು ತೆರೆಯುವ ತನಕ ಮಹೇಶ್ವರಿ ಕೈ ಇಳಿಸಲಿಲ್ಲ.