ಉಸಿರಿಗೆ ಬಿಟ್ಟ ಜಾಗ

ಟೈಲ್ಸ್ ಕಾರ್ಖಾನೆಯವರು ಕರೆಂಟು ಉಳಿಸಲೆಂದು ಪಾಲಿಶ್ ವಿಭಾಗದ ಧೂಳೆಳೆಯುವ ಫ್ಯಾನುಗಳನ್ನು ನಿಲ್ಲಿಸಿದರು. ಅಲ್ಲಿ ದುಡಿಯುತ್ತಿದ್ದ ಅಣ್ಣನ ಶ್ವಾಸಕೋಶ ಹಾಳಾಯಿತು. ರೆಕಾರ್ಡರ್ ಊದಿ ಊದಿ ಹೀಗಾಗಿದೆ ಎಂದರು ಕಾರ್ಖಾನೆಯ ಡಾಕ್ಟರು.

ರೆಕಾರ್ಡರ್ ಎಂದರೆ ನೆಟ್ಟಗೆ ಹಿಡಿದು ಊದುವ ಪುಟ್ಟ ಮರದ ಕೊಳಲು, ಶಾಲೆಯ ಮಕ್ಕಳ ಕೈಲಿರುವಂಥದ್ದು. ಅದನ್ನು ಊದಿ ಸತ್ತವರನ್ನು ಯಾರೂ ಕಂಡಿಲ್ಲ.

ತಂಗಿ ಶಿಶುವಿಹಾರದಲ್ಲಿ ಕೀಬೋರ್ಡ್ ನುಡಿಸುವವಳು. ಅಣ್ಣನ ದಮ್ಮು ಕುಗ್ಗತೊಡಗಿದಾಗ, ಅವನು ರೆಕಾರ್ಡರನ್ನು ಮೂಲೆಗೆ ಹಾಕದಿರಲಿ ಎಂದು ಅವಳೊಂದು ಟ್ಯಾಂಗೋ ಕುಣಿತದ ಟ್ಯೂನು ಕಟ್ಟಿದಳು. ಬ್ರೆಜಿಲ್ ಧಾಟಿಯದು, ಹಗುರ, ಸೊಂಟ ಕುಣಿಸುವಂಥದ್ದು. ಅವನ ಉಸಿರು ಮುಗಿಯುವಲ್ಲಿ ಸಾಲು ಮುರಿದಳು. ಅವನು ಗಾಳಿ ಎಳೆದುಕೊಳ್ಳುವಷ್ಟು ಹೊತ್ತು ತನ್ನ ಎಡಗೈಯೊಂದೇ ಕುಪ್ಪಳಿಸುವಂತೆ ಮಾಡಿದಳು. ರೋಗ ಬಲಿತಂತೆ ಸಾಲುಗಳು ಮೊಟಕಾದವು, ಟ್ಯೂನು ಇನ್ನಷ್ಟು ಚೂಟಿಯಾಯಿತು. ಕೇಳಿದವರೆಲ್ಲ "ಎಂಥ ತುಂಟ ಟ್ಯೂನು!" ಎಂದು ಕಾಲು ಕುಟ್ಟಿದರು. ಕುಣಿಯುತ್ತಿದ್ದುದು ಅವನ ಏದುಸಿರು ಎಂದು ಅವರಿಬ್ಬರಿಗೆ ಮಾತ್ರ ಗೊತ್ತಿತ್ತು.

ಈಗ ಅದೂ ಆಗದು. ಅಣ್ಣ ಮಂಚ ಹಿಡಿದಿದ್ದಾನೆ, ಮೂಗಿಗೆ ಆಕ್ಸಿಜನ್ ನಳಿಕೆ. ಸಿಲಿಂಡರ್ ಕಾರ್ಖಾನೆಯದು.

ಕಾರ್ಖಾನೆಯ ಕಾರ್ಮಿಕ ಕಲ್ಯಾಣಾಧಿಕಾರಿ ಮನೆಗೆ ಬಂದು ಕುರ್ಚಿ ಎಳೆದುಕೊಂಡರು. "ವಾರ್ಷಿಕೋತ್ಸವಕ್ಕೆ ನಿಮ್ಮ ಟ್ಯಾಂಗೋನೇ ಆಗ್ಬೇಕಂತೆ. ಸಾಹೇಬ್ರ ಆಸೆ."

"ಅಣ್ಣಂಗೆ ಊದೋಕಾಗಲ್ಲ ಸರ್," ಎಂದಳು ತಂಗಿ.

"ನಿನ್ನ ಕೀಬೋರ್ಡಲ್ಲಿ ಕೊಳಲಿನ ಬಟನ್ ಇದೆಯಲ್ಲಮ್ಮ, ಒತ್ತಿದ್ರಾಯ್ತು. ಇವನು ಸ್ಟೇಜ್ ಮೇಲೆ ಸುಮ್ನೆ ತುಟಿಗೆ ಹಿಡ್ಕೊಂಡು ಕೂತಿರ್ಲಿ. ನಮ್ಮ ಕೆಲಸಗಾರ ಎಷ್ಟು ಆರಾಮಾಗಿದ್ದಾನೆ ಅಂತ ನಾಲ್ಕು ಜನ ನೋಡ್ಲಿ. ಫ್ಯಾನು ಗೀನು ಅಂತ ಕೂಗಾಡೋರ ಬಾಯಿ ಮುಚ್ಚುತ್ತೆ."

"ಉಸಿರಾಡದೆ ಕೂರೋದು ತಾನೇ ಸರ್?" ಎಂದ ಅಣ್ಣ. "ಪ್ರ್ಯಾಕ್ಟೀಸು... ನಡೀತಾ ಇದೆ."

ಅಧಿಕಾರಿ ನಗಲಿಲ್ಲ. "ಸಿಲಿಂಡರ್ ಎಲ್ಲಿಂದ ಬರ್ತಿದೆ ಅನ್ನೋದು ನೆನಪಿರ್ಲಪ್ಪ."

ತಂಗಿಯ ಮುಖ ಹುಳ್ಳಗಾಯಿತು. "ಅಣ್ಣ, ಒಂದ್ಸಲ ಹಿಡ್ಕೊಂಡು ಕೂತ್ಬಿಡೋ. ನಿನ್ನ ಕಾಲಿಗೆ ಬೀಳ್ತೀನಿ." ಅವನ ಉತ್ತರಕ್ಕೆ ಕಾಯದೆ ಮಂಚದ ಪಕ್ಕದಲ್ಲಿದ್ದ ಕೀಬೋರ್ಡಿನ ಬಟನ್ ಒತ್ತಿ ನುಡಿಸತೊಡಗಿದಳು.

"ಮಧ್ಯೆ ಮಧ್ಯೆ ಏನಮ್ಮ ಖಾಲಿ ಖಾಲಿ? ತುಂಬ್ಬಿಡು."

ತುಂಬಿದಳು. ಯಂತ್ರದ ಕೊಳಲು ಎಲ್ಲೂ ಉಸಿರೆಳೆಯದೆ ನುಣ್ಣಗೆ ಹರಿಯಿತು. ಅಣ್ಣನ ಎದೆ ಮಾತ್ರ ಅವಳು ಬಿಟ್ಟಿದ್ದ ಜಾಗಗಳಲ್ಲೇ ತಡವರಿಸಿ ಗಾಳಿಗೆ ಬಾಯ್ಬಿಟ್ಟಿತು. ಅವಳಿಗದು ಕೇಳಿಸುತ್ತಿತ್ತು. ಕೇಳಿಸದವಳಂತೆ ಬೆರಳಾಡಿಸಿದಳು.

ಅಧಿಕಾರಿ ದಿಂಬಿನ ಪಕ್ಕದಲ್ಲಿದ್ದ ರೆಕಾರ್ಡರನ್ನು ಅವನ ಕೈಗೆ ತುರುಕಿದರು. "ಹೇಗೆ ಕಾಣುತ್ತೆ ನೋಡೋಣ. ತುಟಿಗೆ ಹಿಡಿ."

ತಂಗಿ ನುಡಿಸುತ್ತಲೇ ಕಣ್ಣಲ್ಲೇ ಅಂಗಲಾಚಿದಳು.

ಅಣ್ಣ ಅದನ್ನು ಹೊದಿಕೆಯ ಮೇಲಿಟ್ಟ. ಮಾತು ಹೊರಡಲು ಎರಡು ಸಲ ಉಸಿರೆಳೆಯಬೇಕಾಯಿತು.

"ಹಿಡಿಯಲ್ಲ ಸರ್. ಸಿಲಿಂಡರ್... ತಗೊಂಡ್ಹೋಗಿ."