ಮೂರನೇ ಸಲ ಕೆಟ್ಟ ಮಿಷನ್

ಹೊಲಿಗೆ ಯಂತ್ರ ರಿಪೇರಿ ಮಾಡುವವನಿಗೆ ಆ ಬೀದಿಯಲ್ಲಿ ಸಿಡುಕಪ್ಪ ಅಂತಲೇ ಹೆಸರು. ಕೈ ಎಷ್ಟು ನಿಧಾನವೋ ಬಾಯಿ ಅಷ್ಟೇ ದುಡುಕು. ಸೂಜಿ ಮುರಿದುಕೊಂಡು ಅಂಗಡಿಗೆ ಬಂದವರಿಗೆ ಹೊಸ ಸೂಜಿಗಿಂತ ಮೊದಲು ಬೈಗುಳ ಸಿಗುತ್ತಿತ್ತು. ಆದರೂ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವನು ಒಮ್ಮೆ ಮುಟ್ಟಿದ ಯಂತ್ರ ವರ್ಷಗಟ್ಟಲೆ ತಂಟೆ ಮಾಡುತ್ತಿರಲಿಲ್ಲ. ಹೀಗಿರುವಾಗ ಒಂದೇ ಮನೆಯಿಂದ ಹದಿನೈದು ದಿನದಲ್ಲಿ ಮೂರನೇ ಸಲ ಫೋನು ಬಂದರೆ ಅವನ ಪಿತ್ತ ನೆತ್ತಿಗೇರದೆ ಇರುತ್ತದೆಯೇ?

"ಏನಯ್ಯಾ, ನೀನು ಮಾಡಿದ್ದು ರಿಪೇರಿನೋ, ಕಣ್ಣಿಗೆ ಮಣ್ಣೆರಚೋ ಕೆಲಸಾನೋ?" ಫೋನಿನಲ್ಲಿ ಆ ಮನೆಯ ಅತ್ತೆಯ ಗಂಟಲು ಗರಗಸದ ಹಾಗಿತ್ತು. "ಮತ್ತೆ ಕೆಟ್ಟು ಕೂತಿದೆ. ಒಳಗಿದ್ದ ಒಳ್ಳೇ ಪಾರ್ಟು ಏನಾದ್ರೂ ಬದಲಾಯಿಸಿಕೊಂಡು ಹೋದ್ಯಾ?"

"ಬರ್ತೀನಿ ಇರಿ. ಬಂದು ಹೇಳ್ತೀನಿ," ಎಂದವನೇ ಫೋನು ಕುಕ್ಕಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟ.

ಮನೆ ಎರಡನೇ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುತ್ತಾ ಹಿಂದಿನ ಎರಡು ಸಲದ್ದನ್ನೂ ಅವನು ನೆನೆಸಿಕೊಂಡ. ಮೊದಲ ಸಲ ಹೊಲಿಗೆ ಬೀಳುತ್ತಲೇ ಇರಲಿಲ್ಲ. ನೋಡಿದರೆ ಸೂಜಿಯನ್ನು ಹಿಂದುಮುಂದಾಗಿ ಸಿಕ್ಕಿಸಿತ್ತು; ಚಪ್ಪಟೆ ಬದಿ ಇರಬೇಕಾದ ಕಡೆ ದುಂಡು ಬದಿ. ಅಲ್ಲಿ ಹೊಲಿಯುತ್ತಿದ್ದವಳು ಸೊಸೆ. "ಸೂಜಿ ಹಾಕೋದೂ ಗೊತ್ತಿಲ್ಲದೆ ಮಿಷನ್ ಮುಂದೆ ಕೂರ್ತೀಯಲ್ಲಮ್ಮಾ!" ಎಂದು ಅವನು ಅವಳನ್ನು ಜಾಡಿಸಿದ್ದ. ಎರಡನೇ ಸಲ ಕೆಳಗಿನ ದಾರವೆಲ್ಲ ಬಟ್ಟೆಯ ಮೇಲೆ ಬಂದು ಕೂತಿತ್ತು. ಕೆಳದಾರದ ಉರುಳೆ ಕೂರುವ ಬಾಬಿನ್ ಕೇಸಿನ ಕಿರುಸ್ಕ್ರೂ ಮುಕ್ಕಾಲು ಸುತ್ತು ಸಡಿಲವಾಗಿತ್ತು. ಆಗಲೂ ಅವಳಿಗೇ ಮಂಗಳಾರತಿಯಾಗಿತ್ತು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅತ್ತೆ, "ಹೇಳಪ್ಪಾ, ನೀನಾದ್ರೂ ಹೇಳು. ನನ್ನ ಮಾತು ಇವಳ ಕಿವಿಗೆ ಹೋಗಲ್ಲ," ಎಂದು ಒಗ್ಗರಣೆ ಹಾಕಿದ್ದಳು.

ಅತ್ತೆ ಸಾಮಾನ್ಯದವಳಲ್ಲ. ಮೂವತ್ತು ವರ್ಷ ಆ ಮುಂದಿನ ಕೋಣೆಯಲ್ಲೇ ಅರ್ಧ ಬೀದಿಗೆ ಹೊಲಿಗೆ ಕಲಿಸಿದವಳು. ಎರಡು ವರ್ಷದ ಹಿಂದೆ ಬಲಗೈ ನಡುಗಲು ಶುರುವಾಗಿ, ಮಾತ್ರೆಗೂ ಬಗ್ಗದೆ, ಕಿಟಕಿ ಪಕ್ಕದ ಆ ಕಪ್ಪು ಯಂತ್ರ ಸೊಸೆಯ ಪಾಲಾಗಿತ್ತು. ಶಾಲೆಯ ಸಮವಸ್ತ್ರ, ಪರದೆ, ದಿಂಬಿನ ಚೀಲ, ಹೀಗೆ ಗಿರಾಕಿಗಳು ಅತ್ತೆಯ ಹೆಸರು ಹೇಳಿಕೊಂಡು ಬರುತ್ತಿದ್ದರು. ಈಚೆಗೆ ಕೆಲವರು, "ನಿಮ್ಮ ಸೊಸೆ ಕೈಲೇ ಹೊಲಿಸಿ," ಅನ್ನತೊಡಗಿದ್ದರು.

ಬಾಗಿಲು ತೆರೆದವಳು ಸೊಸೆ. ಕಣ್ಣು ಕೆಂಪಗಿತ್ತು. ಅತ್ತುದಕ್ಕಲ್ಲ, ಸಿಟ್ಟಿಗೆ.

"ಅಣ್ಣಾ, ಇವತ್ತು ನನ್ನ ಬೈಯೋದಿದ್ರೆ ಮಿಷನ್ ನೋಡಿ ಆಮೇಲೆ ಬೈಯಿರಿ," ಎಂದಳು.

"ನೋಡಿದೆಯಾ ನಾಲಿಗೆ!" ಒಳಗಿನಿಂದ ಅತ್ತೆ. "ಹೊರಗಿನವರ ಹತ್ತಿರ ಹೀಗೆ. ಇನ್ನು ಮನೆಯವರ ಹತ್ತಿರ ಹೇಗಿರಬೇಡ!"

"ಮನೆಯವರ ಹತ್ತಿರ ನಾಲಿಗೆ ಇದೆ ಅನ್ನೋದೇ ಮರ್ತುಹೋಗಿದೆ ಅತ್ತೆ."

ಸಿಡುಕಪ್ಪ ಇಬ್ಬರ ಮಧ್ಯೆ ದಾಟಿಕೊಂಡು ಹೋಗಿ ಸ್ಟೂಲಿನ ಮೇಲೆ ಕೂತ. ಒಂದು ಬಟ್ಟೆತುಂಡು ಇಟ್ಟು, ಚಕ್ರ ತಿರುಗಿಸಿ, ತುಳಿದ. ಮೇಲೆ ನೋಡಿದರೆ ಹೊಲಿಗೆ ಇದ್ದ ಹಾಗೇ ಇದೆ. ಮಗುಚಿದರೆ ಕೆಳಗೆ ದಾರ ಕುಣಿಕೆ ಕುಣಿಕೆಯಾಗಿ ಗೋಜಲು. ಅಂದರೆ ಮೇಲಿನ ದಾರಕ್ಕೆ ಬಿಗಿಯೇ ಇಲ್ಲ. ಟೆನ್ಷನ್ ತಿರುಪನ್ನು ಪೂರ್ತಿ ತಿರುಗಿಸಿ ನೋಡಿದ. ಆಗಲೂ ದಾರ ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರುತ್ತಿತ್ತು. ತಿರುಪು, ಸ್ಪ್ರಿಂಗು ಬಿಚ್ಚಿ ಕಾಗದದ ಮೇಲೆ ಸಾಲಾಗಿ ಇಟ್ಟ. ದಾರವನ್ನು ಅಮುಕಿ ಹಿಡಿಯುವ ಎರಡು ಪುಟ್ಟ ಬಿಲ್ಲೆಗಳನ್ನು ಬೇರ್ಪಡಿಸಿದ.

ನಡುವೆ ಏನೋ ಮಿಂಚಿತು. ಚಿಮುಟದಿಂದ ಎಳೆದ. ಎರಡು ಮಡಿಕೆ ಮಾಡಿದ ಬೆಳ್ಳಿಹಾಳೆ, ಮಾತ್ರೆಯ ಪಟ್ಟಿಯ ಹಿಂದೆ ಇರುತ್ತದಲ್ಲ, ಅಂಥದ್ದು. ಬಿಲ್ಲೆಗಳು ಒಂದಕ್ಕೊಂದು ಅಂಟದ ಹಾಗೆ, ಹೊರಗಿನಿಂದ ಕಾಣದ ಹಾಗೆ, ಅಳೆದು ಕತ್ತರಿಸಿ ಒಳಗಿಟ್ಟಿದ್ದರು.

ಅವನ ಬಾಯಿಂದ ಬೈಗುಳ ಹೊರಡಲಿಲ್ಲ. ಹೊಲಿಯಲು ಬಾರದವರು ದಾರ ಸಿಕ್ಕಾಗಿಸುತ್ತಾರೆ, ಸೂಜಿ ಮುರಿಯುತ್ತಾರೆ. ಇದು ಯಂತ್ರದ ನಾಡಿ ಬಲ್ಲವರ ಕೈಚಳಕ. ಸೂಜಿ, ಬಾಬಿನ್ ಸ್ಕ್ರೂ, ಈಗ ಇದು. ಒಂದಕ್ಕಿಂತ ಒಂದು ಗೂಢ. ಒಂದೂ ಯಂತ್ರಕ್ಕೆ ಪೆಟ್ಟಾಗುವಂಥದ್ದಲ್ಲ. ಹೊಲಿಯುವವಳಿಗೆ ಮಾತ್ರ ಪೆಟ್ಟು.

ಅವನು ತಲೆ ಎತ್ತಿದ. ಕುರ್ಚಿಯ ಪಕ್ಕದ ಗೂಡಿನಲ್ಲಿ ಮಾತ್ರೆ ಪಟ್ಟಿಗಳು ತುಂಬಿದ್ದವು. ಅತ್ತೆ ಅವನನ್ನೇ ನೋಡುತ್ತಿದ್ದಳು.

"ಇದು ತಾನಾಗಿ ಹೋಗಿ ಕೂತಿದ್ದಲ್ಲ ಅಮ್ಮಾವ್ರೇ," ಎಂದ.

"ಅವಳನ್ನ ಕೇಳು. ಕೂರೋಳು ಅವಳು."

"ಅವಳಿಗೆ ಈ ಬಿಲ್ಲೆ ಬಿಚ್ಚಕ್ಕೆ ಬರುತ್ತೆ ಅಂತ ನಂಗೇನೂ ಅನ್ಸಲ್ಲ. ಬಿಚ್ಚಿ, ಸ್ಪ್ರಿಂಗು ಎಗರಿ ಹೋಗದೆ ಮತ್ತೆ ಕೂರಿಸೋಕೆ ಗೊತ್ತಿರೋರು ಈ ಮನೇಲಿ ಒಬ್ಬರೇ."

ಕೆಳಗೆ ಬೀದಿಯಲ್ಲಿ ಯಾರೋ ಗಾಡಿಯ ಹಾರನ್ನು ಒಂದೇ ಸಮ ಒತ್ತುತ್ತಿದ್ದರು.

"ಏನಂದೆ?" ಅತ್ತೆ ಕುರ್ಚಿಯ ಕೈ ಹಿಡಿದು ಎದ್ದಳು. "ನನ್ನ ಮನೆಗೆ ಬಂದು ನನ್ನ ಮೇಲೇ ಗೂಬೆ ಕೂರಿಸ್ತೀಯಾ? ಈ ಕೈ ನೋಡು! ಲೋಟ ಎತ್ತಿದ್ರೆ ನೀರು ಚೆಲ್ಲುತ್ತೆ. ಈ ಕೈಲಿ ಬಿಲ್ಲೆ ಬಿಚ್ಚಿದ್ನಾ?"

"ನಿಧಾನವಾಗಿ ಮಾಡಿದ್ರೆ ಆಗುತ್ತೆ ಅತ್ತೆ," ಸೊಸೆ ಹೇಳಿದಳು. "ನಾನು ಸಂತೆಗೆ ಹೋದ್ರೆ ಎರಡು ಗಂಟೆ ಸಿಗುತ್ತಲ್ಲ."

"ಬಾಯಿ ಮುಚ್ಚು!"

"ಎರಡು ವರ್ಷ ಮುಚ್ಚಿದ್ದೆ. ನೆಟ್ಟಗೆ ಹೊಲಿದ್ರೆ ಮುಖ ಗಂಟು, ಸೊಟ್ಟ ಹೊಲಿದ್ರೆ ಊರಿಗೆಲ್ಲ ಡಂಗುರ. ಈಗ ಗೊತ್ತಾಯ್ತು ಬಿಡಿ." ಅವಳು ಸಿಡುಕಪ್ಪನ ಕಡೆ ತಿರುಗಿದಳು. "ಅಣ್ಣಾ, ಈ ಮಿಷನ್ನಿನಲ್ಲಿ ಯಾವ ಯಾವ ಜಾಗದಲ್ಲಿ ಏನೇನು ಕೆಡಿಸಬಹುದೋ ಎಲ್ಲ ಹೇಳಿಕೊಡಿ. ಇಲ್ಲೇ. ಇವರ ಎದುರಿಗೇ."

ಅವನಿಗೆ ಎದ್ದು ಹೋಗಿಬಿಡೋಣ ಅನ್ನಿಸಿತು. ಆದರೆ ಎರಡು ಸಲ ಇವಳನ್ನು ಸುಮ್ಮನೆ ಬೈದಿದ್ದು ಒಳಗೆ ಚುಚ್ಚುತ್ತಿತ್ತು. ಸ್ಟೂಲು ಬಿಟ್ಟುಕೊಟ್ಟು, ಸ್ಕ್ರೂ ಡ್ರೈವರನ್ನು ಅವಳ ಕೈಗಿತ್ತ. ಬಿಲ್ಲೆ ಜೋಡಿಸುವುದು, ಸ್ಪ್ರಿಂಗಿನ ತುದಿಯನ್ನು ಸೀಳಿನಲ್ಲಿ ಕೂರಿಸುವುದು, ಬಾಬಿನ್ ಕೇಸನ್ನು ದಾರದಲ್ಲಿ ತೂಗುಬಿಟ್ಟು ಬಿಗಿ ನೋಡುವುದು, ಬಟ್ಟೆ ಸರಿಯದಿದ್ದರೆ ಸೂಜಿಯ ಕೆಳಗಿನ ಹಲ್ಲುಗಳ ಸಂದಿಯ ದಾರದ ಜೂಲು ತೆಗೆಯುವುದು, ಒಂದೊಂದನ್ನೂ ಅವಳ ಕೈಯಲ್ಲೇ ಮಾಡಿಸಿದ. ಅವಳು ಬೇಗ ಹಿಡಿದುಕೊಂಡಳು. ಕೊನೆಗೆ ಒಂದು ಗೆರೆ ಹೊಲಿದು, ಎಳೆದು, ತಿರುಗಿಸಿ ಅತ್ತೆಗೆ ಕಾಣುವ ಹಾಗೆ ಹಿಡಿದಳು. ಎರಡೂ ಬದಿ ಒಂದೇ ಸಮ.

ಅದೇ ಜಾಸ್ತಿಯಾಯಿತು.

"ಏಳು," ಅಂದಳು ಅತ್ತೆ. "ಮಿಷನ್ ನನ್ನದು. ಇವತ್ತಿಂದ ನೀನು ಮುಟ್ಟಕೂಡದು."

ಸೊಸೆ ಎದ್ದಳು. ಸ್ಟೂಲನ್ನು ಕಾಲಿನಿಂದ ಅತ್ತೆಯ ಕಡೆ ಸರಿಸಿದಳು. "ಕೂತ್ಕೊಳ್ಳಿ. ಮೂರು ಅಂಗಿ ಇವತ್ತು ಸಂಜೆ ಕೊಡಬೇಕು."

ಅತ್ತೆ ಕೂತಳು. ಸೂಜಿಯ ಕಣ್ಣಿನಲ್ಲಿ ದಾರ ಆಗಲೇ ಇತ್ತು. ಅಂಗಿಯ ಪಕ್ಕದ ಅಂಚನ್ನು ಸೂಜಿಯಡಿ ಇಟ್ಟು ತುಳಿದಳು. ಕಾಲಿಗೆ ಇನ್ನೂ ಹಳೆಯ ಲಯವಿತ್ತು. ಯಂತ್ರ ಅವಳ ಗುರುತು ಸಿಕ್ಕ ಹಾಗೆ ಓಡಿತು. ಆದರೆ ಬಲಗೈ ಬಟ್ಟೆಯನ್ನು ಹಿಡಿದಲ್ಲಿ ಹಿಡಿಯಲಿಲ್ಲ. ಗೆರೆ ಒಂದು ಗೇಣು ನೆಟ್ಟಗೆ ಹೋಗಿ, ಆಮೇಲೆ ಅಂಚು ಬಿಟ್ಟು ಒಳಕ್ಕೆ ಹಾವಿನ ಹಾಗೆ ನುಗ್ಗಿತು. ಅವಳು ನಿಲ್ಲಿಸಲಿಲ್ಲ. ಹಲ್ಲು ಕಚ್ಚಿ ಕೊನೆಯವರೆಗೂ ಹೊಲಿದಳು.

ಸಹಾಯಕ್ಕೆ ಸೊಸೆ ಕೈ ಚಾಚಲಿಲ್ಲ. ಸಿಡುಕಪ್ಪ ನೆಲ ನೋಡುತ್ತಾ ಚೀಲ ಕಟ್ಟಿದ. ಸತ್ಯ ಹೇಳಿದ್ದಕ್ಕೆ ಇಷ್ಟು ಮುಜುಗರ ಅವನಿಗೆ ಯಾವತ್ತೂ ಆಗಿರಲಿಲ್ಲ.

ಅತ್ತೆ ದಾರವನ್ನು ಹಲ್ಲಿನಲ್ಲಿ ಕಡಿದು ಅಂಗಿಯನ್ನು ಎಸೆದಳು. "ನೋಡಿ ಆಯ್ತಲ್ಲ? ಇನ್ನು ಹೊರಡು," ಎಂದಳು ಅವನಿಗೆ.

ಸೊಸೆ ಅಂಗಿ ಎತ್ತಿಕೊಂಡು, ಬ್ಲೇಡಿನಿಂದ ಆ ಸೊಟ್ಟ ಹೊಲಿಗೆಯನ್ನು ಅಲ್ಲೇ, ಅತ್ತೆಯ ಕಣ್ಣೆದುರೇ ಟಕ್ ಟಕ್ ಎಂದು ಬಿಚ್ಚತೊಡಗಿದಳು.

"ಹಾಗೆ ಎಳೀಬೇಡ, ಬಟ್ಟೆ ಹರಿಯುತ್ತೆ," ಅತ್ತೆ ಗದರಿದಳು.

"ಗೊತ್ತು."

"ಏನು ಗೊತ್ತು ನಿಂಗೆ, ಮಣ್ಣು!"

ಮೆಟ್ಟಿಲಿಳಿದು ಬೀದಿಗೆ ಬಂದರೂ ಅವನಿಗೆ ಇಬ್ಬರ ದನಿಯೂ ಕೇಳುತ್ತಿತ್ತು.

ಆಮೇಲೆ ಆ ಮನೆಯಿಂದ ಫೋನು ಬರಲಿಲ್ಲ. ತಿಂಗಳು ಕಳೆದ ಮೇಲೆ ಸೊಸೆಯೇ ಅಂಗಡಿಗೆ ಬಂದಳು. ಮಿಷನ್ ಹೇಗಿದೆ ಅಂತ ಕೇಳಿದ. ಚೆನ್ನಾಗಿದೆ, ನಾನೇ ಹೊಲೀತಿದೀನಿ ಎಂದಳು. ಅತ್ತೆ? ಮಾತಾಡಲ್ಲ. ನೀನು? ನಾನೂ ಆಡಲ್ಲ.

"ಮತ್ತೆ ಬಂದಿದ್ದೇನು?"

"ಚಕ್ರದ ಬೆಲ್ಟು ಬೇಕಿತ್ತು. ನಿನ್ನೆ ಕತ್ತರಿಸಿ ಹಾಕಿದಾರೆ."

ಅವನು ಮೊಳೆಗೆ ನೇತುಹಾಕಿದ್ದ ಬೆಲ್ಟುಗಳಲ್ಲಿ ಒಂದನ್ನು ಬಿಡಿಸಿದ. ಅವಳು ಅದನ್ನು ಎಳೆದು ನೋಡಿ, ಸ್ವಲ್ಪ ಯೋಚಿಸಿ, "ನಾಲ್ಕು ಕೊಡಿ," ಎಂದಳು.